ನೌಕಾಪಡೆ ಹಡಗಿನಲ್ಲಿ ಪಶುವೈದ್ಯ ಸೇವೆಗೆ ಹೊರಡುವ ಮುನ್ನ: ಮುಂಬೈ, ಪುಣೆ, ಗೋವಾದ ನಮ್ಮವರಿಗೆ

ಹೆಬ್ಬಾಳದಲ್ಲೋ ಬೀದರಿನಲ್ಲೋ ಶಿವಮೊಗ್ಗದಲ್ಲೋ ಬಿವಿಎಸ್ಸಿ (ಪಶುವೈದ್ಯ ಪದವಿ) ಮುಗಿಸಿ, ಈಗ ಮುಂಬೈ, ಪುಣೆ, ಗೋವಾದಲ್ಲಿ ಕ್ಲಿನಿಕ್ ಇಟ್ಟಿರುವ ಅಥವಾ ಕೆಲಸ ಮಾಡುತ್ತಿರುವ ಕಿರಿಯ ಡಾಕ್ಟರುಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ. "ನೌಕಾಪಡೆ ಹಡಗಿನಲ್ಲಿ ಹೋಗಿ ದ್ವೀಪಗಳಲ್ಲಿ ದನ, ಹಂದಿ, ನಾಯಿಗಳಿಗೆ ಚಿಕಿತ್ಸೆ ಕೊಡುವ ತಂಡ ಇರುತ್ತದಂತಲ್ಲ, ಅದಕ್ಕೆ ಏನೇನು ತಯಾರಿ ಬೇಕು?" ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲೇ ಬರೆದಿದ್ದೇನೆ.

ಮೊದಲು ಕೆಲಸ ಏನು ಅಂತ ತಿಳಿದುಕೊಳ್ಳಿ. 2004ರ ಡಿಸೆಂಬರಿನ ಸುನಾಮಿ ಆದಮೇಲೆ ಅಮೆರಿಕದ ಆಸ್ಪತ್ರೆ ಹಡಗು ಮರ್ಸಿ ಇಂಡೋನೇಷ್ಯಾದ 'ಆಚೆ' (Aceh) ಎಂಬ ಪ್ರಾಂತ್ಯದ ತೀರಕ್ಕೆ ಹೋಗಿತ್ತು. ಆ ಅನುಭವದಿಂದ 2006ರಲ್ಲಿ 'ಪೆಸಿಫಿಕ್ ಪಾರ್ಟ್‌ನರ್‌ಶಿಪ್' ಎಂಬ ಕಾರ್ಯಕ್ರಮ ಶುರುವಾಯಿತು. ಲ್ಯಾಟಿನ್ ಅಮೆರಿಕ ಮತ್ತು ಕೆರಿಬಿಯನ್ ಕಡೆಗೆ 2007ರಿಂದ 'ಕಂಟಿನ್ಯೂಯಿಂಗ್ ಪ್ರಾಮಿಸ್' ಅಂತ ಇನ್ನೊಂದಿದೆ. ಹಡಗು ಒಂದು ದೇಶದ ಹತ್ತಿರ ಕೆಲವು ದಿನ ನಿಲ್ಲುತ್ತದೆ. ಮನುಷ್ಯರ ಡಾಕ್ಟರು, ಹಲ್ಲಿನ ಡಾಕ್ಟರು, ಎಂಜಿನಿಯರುಗಳ ಜೊತೆ ಪಶುವೈದ್ಯರೂ ದಡಕ್ಕೆ ಇಳಿದು ಕೆಲಸ ಮಾಡುತ್ತಾರೆ. ನಮ್ಮ ನೌಕಾಪಡೆಯೂ ಇಂಥ ಪರಿಹಾರ ಕೆಲಸಕ್ಕೆ ಹೊಸದಲ್ಲ. ಅದೇ ಸುನಾಮಿಯಲ್ಲಿ ಸರ್ವೆ ಹಡಗು ಐಎನ್‌ಎಸ್ ನಿರೂಪಕ್ ಆಸ್ಪತ್ರೆ ಹಡಗಾಗಿ ಇಂಡೋನೇಷ್ಯಾಕ್ಕೆ ಹೋಗಿತ್ತು.

ಒಂದು ತಪ್ಪು ಕಲ್ಪನೆ ಈಗಲೇ ಬಿಟ್ಟುಬಿಡಿ. ಹಡಗಿನ ಮೇಲೆ ಪ್ರಾಣಿಗಳಿಗೆ ಆಪರೇಷನ್ ಮಾಡುವುದಿಲ್ಲ. ಮರ್ಸಿಯಲ್ಲಿ 12 ಆಪರೇಷನ್ ಥಿಯೇಟರ್, 1000 ಹಾಸಿಗೆ ಇವೆ ನಿಜ, ಆದರೆ ಅವೆಲ್ಲ ಮನುಷ್ಯರಿಗೆ. ಹಡಗು ನಿಮಗೆ ಮಲಗುವ ಜಾಗ, ಊಟ, ಔಷಧಿಯ ಗೋದಾಮು, ಅಷ್ಟೇ. ನಿಮ್ಮ ಥಿಯೇಟರ್ ಅಂದರೆ ಯಾವುದೋ ಶಾಲೆಯ ಜಗಲಿ, ಪಂಚಾಯ್ತಿ ಕಟ್ಟೆ, ಇಲ್ಲಾ ತೆಂಗಿನ ಮರದ ಕೆಳಗೆ ಹಾಕಿದ ಮಡಚುವ ಟೇಬಲ್ಲು.

ಇನ್ನೊಂದು ಮಾತು. ಮುಂದಿನ ಪ್ರತಿ ಹಂತದಲ್ಲೂ ಒಂದೇ ಅಳತೆಗೋಲು ಇಟ್ಟುಕೊಳ್ಳಿ: ಹಡಗು ಹೊರಟುಹೋದ ಮಾರನೇ ದಿನ ಈ ಪ್ರಾಣಿಯನ್ನು ಯಾರು ನೋಡಿಕೊಳ್ಳುತ್ತಾರೆ? ಉತ್ತರ ಸಿಗದಿದ್ದರೆ ಆ ಕೆಲಸಕ್ಕೆ ಕೈ ಹಾಕಬೇಡಿ. ಕೈಚಳಕ ಚೆನ್ನಾಗಿರುವವರು ಎಡವುವುದು ಇಲ್ಲೇ.

1. ದಾರಿ ಯಾವುದು ಅಂತ ನೋಡಿಕೊಳ್ಳಿ

ನೌಕಾಪಡೆಗೆ ನೇರವಾಗಿ ಅರ್ಜಿ ಹಾಕಿ ಹೋಗುವ ಕೆಲಸ ಇದಲ್ಲ. ಅಮೆರಿಕದ ನೌಕಾಪಡೆಗೆ ಸ್ವಂತ ಪಶುವೈದ್ಯ ದಳವೇ ಇಲ್ಲ. ಅವರ ಹಡಗಿಗೆ ಬರುವುದು ಭೂಸೇನೆಯ ಪಶುವೈದ್ಯರು. ಅವರ ಜೊತೆಗೆ ಸ್ವಯಂಸೇವಾ ಸಂಸ್ಥೆಗಳ ವೈದ್ಯರು ಸೇರುತ್ತಾರೆ. ವರ್ಲ್ಡ್ ವೆಟ್ಸ್ ಥರದ ಸಂಸ್ಥೆಗಳು ಹೀಗೆ ತಂಡ ಕಳಿಸಿವೆ. ಹಾಗಾಗಿ ಖಾಸಗಿ ಪ್ರಾಕ್ಟೀಸಿನವರಿಗೆ ದಾರಿ ಅಂದರೆ ಸಂಸ್ಥೆಯ ಮೂಲಕ. ಮೊದಲು ಆ ಸಂಸ್ಥೆಯ ಸಾಮಾನ್ಯ ಶಿಬಿರಗಳಲ್ಲಿ ದುಡಿದಿರಬೇಕು. ಹಡಗಿನ ಪಟ್ಟಿಗೆ ಹೆಸರು ಬರುವುದು ಆಮೇಲೆ.

ನಮ್ಮಲ್ಲೂ ಹಾಗೇ. ಪಶುವೈದ್ಯ ದಳ ಇರುವುದು ಭೂಸೇನೆಯಲ್ಲಿ. ಅದು ರಿಮೌಂಟ್ ವೆಟರಿನರಿ ಕೋರ್, ಅದರ ತರಬೇತಿ ಕೇಂದ್ರ ಮೀರತ್‌ನಲ್ಲಿದೆ. ಬಿವಿಎಸ್ಸಿ ಆದವರಿಗೆ ಅಲ್ಲಿ ಶಾರ್ಟ್ ಸರ್ವಿಸ್ ಕಮಿಷನ್ ಇದೆ. ಶಾರ್ಟ್ ಸರ್ವಿಸ್ ಅಂದರೆ ಪೂರ್ತಿ ಸೇವಾವಧಿಯ ಬದಲು ನಿಗದಿಯಾದ ಕೆಲವು ವರ್ಷಗಳ ಅಧಿಕಾರಿ ಹುದ್ದೆ. ವಯಸ್ಸಿನ ಮಿತಿ ಇರುತ್ತದೆ, ಪ್ರಕಟಣೆ ಓದಿ ನೋಡಿ. ಸರ್ಕಾರಿ ಪಶುಪಾಲನಾ ಇಲಾಖೆಯಲ್ಲಿ ಇರುವವರು ಇಲಾಖೆಯ ವಿಪತ್ತು ತಂಡಕ್ಕೆ ಹೆಸರು ಕೊಟ್ಟಿಡಿ.

ಏಜೆಂಟರು ಯಾರಾದರೂ "ಹಡಗಿನ ಸೀಟು ಕೊಡಿಸ್ತೀನಿ" ಅಂತ ದುಡ್ಡು ಕೇಳಿದರೆ ಅಲ್ಲಿಂದಲೇ ವಾಪಸ್ ಬನ್ನಿ. ಈ ಕೆಲಸದಲ್ಲಿ ಸೀಟು ಮಾರುವ ಪದ್ಧತಿ ಇಲ್ಲ. ಸಂಸ್ಥೆಗಳು ಪ್ರಯಾಣದ ಖರ್ಚನ್ನು ನಿಮ್ಮ ಮೇಲೆ ಹಾಕಬಹುದು, ಅದು ಬೇರೆ ಮಾತು. ಅದನ್ನೂ ಬರವಣಿಗೆಯಲ್ಲಿ ಕೇಳಿ ಪಡೆಯಿರಿ.

2. ಕಾಗದಪತ್ರ

ಪಾಸ್‌ಪೋರ್ಟಿಗೆ ವಾಪಸ್ ಬರುವ ದಿನದಿಂದ ಮುಂದೆ ಕನಿಷ್ಠ 6 ತಿಂಗಳ ಅವಧಿ ಉಳಿದಿರಲಿ. ಖಾಲಿ ಪುಟಗಳಿರಲಿ. ಹಡಗು ನಾಲ್ಕು ದೇಶಕ್ಕೆ ಹೋದರೆ ನಾಲ್ಕು ಕಡೆಯ ವೀಸಾ ಪ್ರಶ್ನೆ ಬರುತ್ತದೆ. ಹಡಗು ಹತ್ತುವ ಬಂದರಿನ ದೇಶದ್ದು ಬೇರೆ.

ಪಶುವೈದ್ಯ ಪರಿಷತ್ತಿನ ನೋಂದಣಿ ನೋಡಿಕೊಳ್ಳಿ. ನಮ್ಮವರು ಎಡವುವುದು ಜಾಸ್ತಿ ಇಲ್ಲೇ. ಕರ್ನಾಟಕದಲ್ಲಿ ನೋಂದಾಯಿಸಿ, ಮುಂಬೈಗೆ ಬಂದು, ನವೀಕರಣ ಮರೆತವರು ಎಷ್ಟೋ ಮಂದಿ. ಸಂಸ್ಥೆ ಕೇಳುವುದು ಬರೀ ನೋಂದಣಿ ಸಂಖ್ಯೆಯಲ್ಲ, 'ಗುಡ್ ಸ್ಟ್ಯಾಂಡಿಂಗ್ ಸರ್ಟಿಫಿಕೇಟ್'. ಅಂದರೆ ನಿಮ್ಮ ಮೇಲೆ ಯಾವ ಶಿಸ್ತು ಕ್ರಮವೂ ಇಲ್ಲ, ನೋಂದಣಿ ಚಾಲ್ತಿಯಲ್ಲಿದೆ ಅಂತ ಪರಿಷತ್ತು ಕೊಡುವ ಪತ್ರ. ನವೀಕರಣ ಬಾಕಿ ಇದ್ದರೆ ಅದು ಸಿಗುವುದಿಲ್ಲ. ಹೆಸರಿನ ಕಾಗುಣಿತವನ್ನೂ ನೋಡಿ. ಅಂಕಪಟ್ಟಿಯಲ್ಲಿ ತಂದೆ ಹೆಸರಿನ ಮೊದಲಕ್ಷರ, ಪಾಸ್‌ಪೋರ್ಟಿನಲ್ಲಿ ಪೂರ್ತಿ ಹೆಸರು, ಪರಿಷತ್ತಿನಲ್ಲಿ ಊರಿನ ಹೆಸರು. ನಮ್ಮ ಕಡೆ ಇದು ಮಾಮೂಲು. ಹಡಗಿನ ಪಟ್ಟಿಯಲ್ಲಿ ಪಾಸ್‌ಪೋರ್ಟಿನ ಹೆಸರೇ ಇರಬೇಕು, ಉಳಿದವುಗಳಿಗೆ ಒಂದು ಅಫಿಡವಿಟ್ ಮಾಡಿಸಿಡಿ.

ಇನ್ನು ವಿಮೆ. ಮಾಮೂಲಿ ಪ್ರವಾಸ ವಿಮೆ ಪ್ರಾಣಿ ಕಚ್ಚಿದ್ದಕ್ಕೂ, ಸಮುದ್ರದಿಂದ ಹೆಲಿಕಾಪ್ಟರಿನಲ್ಲಿ ಎತ್ತಿ ಒಯ್ಯುವುದಕ್ಕೂ ದುಡ್ಡು ಕೊಡುತ್ತದಾ ಅಂತ ಕೇಳಿ. "ವೃತ್ತಿ ಕೆಲಸದಲ್ಲಿ ಆದ ಗಾಯಕ್ಕೆ ಅನ್ವಯಿಸುವುದಿಲ್ಲ" ಎಂಬ ಸಾಲು ಸಣ್ಣ ಅಕ್ಷರದಲ್ಲಿ ಇರುತ್ತದೆ.

3. ನಿಮ್ಮ ಮೈಗೆ ಬೇಕಾದ ತಯಾರಿ

ಇದಕ್ಕೆ 6 ತಿಂಗಳು ಮುಂಚೆಯೇ ಶುರುಮಾಡಿ. ಸುಮ್ನೆ ಹೇಳುತ್ತಿಲ್ಲ, ಲೆಕ್ಕ ಇದೆ. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸು 0, 1 ಮತ್ತು 6ನೇ ತಿಂಗಳಿಗೆ. ಕಾಲೇಜಿನಲ್ಲಿ ಹಾಕಿಸಿಕೊಂಡ ನೆನಪಿದ್ದರೆ ಸಾಲದು, ದಾಖಲೆ ಬೇಕು.

ರೇಬೀಸ್ ಮುಂಜಾಗ್ರತಾ ಲಸಿಕೆ ಕಡ್ಡಾಯ ಅಂತಲೇ ತಿಳಿಯಿರಿ. ನಮ್ಮಲ್ಲಿ ಸಾಮಾನ್ಯವಾಗಿ 0, 7, ಆಮೇಲೆ 21 ಅಥವಾ 28ನೇ ದಿನ ಕೊಡುತ್ತಾರೆ. ಹಿಂದೆ ಹಾಕಿಸಿಕೊಂಡಿದ್ದರೆ ರಕ್ತದಲ್ಲಿ ಪ್ರತಿಕಾಯ ಎಷ್ಟಿದೆ ಅಂತ ಟೈಟರ್ ಪರೀಕ್ಷೆ ಮಾಡಿಸಿ. ಒಂದು ಎಂಎಲ್‌ಗೆ 0.5 ಐಯು ಅಥವಾ ಅದಕ್ಕಿಂತ ಜಾಸ್ತಿ ಇರಬೇಕು. ಮುಂಚೆ ಲಸಿಕೆ ಆಗಿದ್ದರೂ ನಾಯಿ ಕಚ್ಚಿದರೆ ಸುಮ್ಮನಿರುವಂತಿಲ್ಲ. ಸೋಪು ಹಾಕಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆಯಬೇಕು, 0 ಮತ್ತು 3ನೇ ದಿನ ಮತ್ತೆ ಡೋಸು ತೆಗೆದುಕೊಳ್ಳಬೇಕು. ಆದರೆ ಇಮ್ಯುನೊಗ್ಲೋಬ್ಯುಲಿನ್ (ಸಿದ್ಧ ಪ್ರತಿಕಾಯದ ಚುಚ್ಚುಮದ್ದು) ಬೇಕಾಗುವುದಿಲ್ಲ. ದೂರದ ದ್ವೀಪದಲ್ಲಿ ಅದು ಸಿಗುವುದೇ ಕಷ್ಟ, ಹಾಗಾಗಿ ಇದು ಸಣ್ಣ ಲಾಭವಲ್ಲ.

ದಕ್ಷಿಣ ಅಮೆರಿಕದ ಕಡೆ ಹೋಗುವುದಾದರೆ ಹಳದಿ ಜ್ವರದ ಲಸಿಕೆ. ಇದನ್ನು ಸಿಕ್ಕಸಿಕ್ಕ ಆಸ್ಪತ್ರೆಯಲ್ಲಿ ಕೊಡುವುದಿಲ್ಲ, ಸರ್ಕಾರ ಗುರುತಿಸಿದ ಕೇಂದ್ರದಲ್ಲೇ ಹಾಕಿಸಬೇಕು. ಮುಂಬೈ, ಗೋವಾದವರು ಬಂದರು ಆರೋಗ್ಯ ಕಚೇರಿಯಲ್ಲಿ ವಿಚಾರಿಸಿ. ಸರ್ಟಿಫಿಕೇಟು ಜಾರಿಗೆ ಬರುವುದು 10 ದಿನದ ನಂತರ. 2016ರ ಜುಲೈನಿಂದ ಅದು ಜೀವಮಾನಕ್ಕೆ ಸಾಕು. ಆ ಸರ್ಟಿಫಿಕೇಟಿನ ಹಳದಿ ಪುಸ್ತಕ ಇಲ್ಲದೆ ಆ ದೇಶಗಳಿಂದ ವಾಪಸ್ ಬಂದರೆ ನಮ್ಮ ವಿಮಾನ ನಿಲ್ದಾಣದಲ್ಲೇ 6 ದಿನದವರೆಗೆ ಪ್ರತ್ಯೇಕವಾಗಿ ಇಡಬಹುದು.

ಪಪುವಾ ನ್ಯೂಗಿನಿ, ಸೊಲೊಮನ್ ದ್ವೀಪಗಳಲ್ಲಿ ಮಲೇರಿಯಾ ಇದೆ, ಫಿಜಿ, ಸಮೋವಾದಲ್ಲಿ ಇಲ್ಲ. ಮಾತ್ರೆ ಯಾವುದು ಅಂತ ನಿಮ್ಮ ಡಾಕ್ಟರನ್ನು ಕೇಳಿ. ಡಾಕ್ಸಿಸೈಕ್ಲಿನ್ ಕೊಟ್ಟರೆ ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ ಅನ್ನುವುದು ನೆನಪಿರಲಿ. ಅಲ್ಲಿ ದಿನವಿಡೀ ಬಿಸಿಲಿನಲ್ಲೇ ನಿಲ್ಲಬೇಕು.

ಕೊನೆಗೆ, ಹಲ್ಲು. ಯಾರೂ ಯೋಚಿಸದ ಸಂಗತಿ ಇದು. ನೌಕಾ ಸೇವೆಯಲ್ಲಿ ಹಲ್ಲಿನ ತಪಾಸಣೆಯ ಪತ್ರ ಕೇಳುತ್ತಾರೆ. ಅರ್ಧಕ್ಕೆ ಬಿಟ್ಟ ರೂಟ್ ಕೆನಾಲ್ ಇದ್ದರೆ ಹಡಗು ಹತ್ತಿಸುವುದಿಲ್ಲ. ಬೇಗ ಮುಗಿಸಿಕೊಳ್ಳಿ.

4. ಕೈ ಪಳಗಿಸುವುದು

ಮುಂಬೈ ಕ್ಲಿನಿಕ್ಕಿನಲ್ಲಿ ನೀವು ನೋಡುವುದು ಲ್ಯಾಬ್ರಡಾರ್, ಶಿಟ್ಜು, ಬೆಕ್ಕು. ಶಾಂತ ಸಾಗರದ ದ್ವೀಪಗಳಲ್ಲಿ ಹಂದಿಯೇ ಮನೆಯ ಆಸ್ತಿ. ಕೆರಿಬಿಯನ್, ಮಧ್ಯ ಅಮೆರಿಕದಲ್ಲಿ ಕುದುರೆ, ಕತ್ತೆ, ದನ. ಎಲ್ಲ ಕಡೆಯೂ ಬೀದಿ ನಾಯಿ. ಅದೃಷ್ಟಕ್ಕೆ ಇದನ್ನೆಲ್ಲ ಕಲಿಯಲು ನಾವಿರುವ ಜಾಗಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ.

ನಾಯಿಗೆ ಗೋವಾ. ಮಿಷನ್ ರೇಬೀಸ್ ಅಲ್ಲಿ ವರ್ಷಗಳಿಂದ ಮನೆ ಮನೆಗೆ ಹೋಗಿ ಲಸಿಕೆ ಹಾಕುತ್ತಿದೆ. 2021ರಲ್ಲಿ ಗೋವಾವನ್ನು ರೇಬೀಸ್ ನಿಯಂತ್ರಿತ ಪ್ರದೇಶ ಅಂತ ಘೋಷಿಸಿದರು. ಬಲೆ ಹಾಕಿ ನಾಯಿ ಹಿಡಿಯುವುದು, ಗುರುತಿಗೆ ಬಣ್ಣ ಹಚ್ಚುವುದು, ಪ್ರತಿ ಡೋಸನ್ನೂ ಫೋನಿನ ಆ್ಯಪ್‌ನಲ್ಲಿ ದಾಖಲಿಸುವುದು ಎಲ್ಲ ಅಲ್ಲಿ ಕಣ್ಣಾರೆ ಕಲಿಯಬಹುದು. ಬಲೆ ಬೀಸುವುದೇ ಒಂದು ವಿದ್ಯೆ. ನಾಯಿ ಒಳಗೆ ಬಿದ್ದ ತಕ್ಷಣ ಬಳೆಯನ್ನು ನೆಲಕ್ಕೆ ಒತ್ತಿ, ಬಲೆಯನ್ನು ತಿರುಚಿ, ನಾಯಿ ಅಲ್ಲಾಡದ ಹಾಗೆ ಮಾಡಿದ ಮೇಲೇ ಸೂಜಿ. ಒತ್ತುವುದನ್ನು ಮರೆತು ಸೂಜಿಗೆ ಕೈ ಹಾಕಿದವರೇ ಕಚ್ಚಿಸಿಕೊಳ್ಳುವುದು.

ಆಪರೇಷನ್ ಕಲಿಯಲು ಊಟಿಯಲ್ಲಿ ವರ್ಲ್ಡ್‌ವೈಡ್ ವೆಟರಿನರಿ ಸರ್ವೀಸಿನ ತರಬೇತಿ ಕೇಂದ್ರ ಇದೆ. ವೇಗ ಬೇಕು, ಆದರೆ ಗಂಟು ಗಟ್ಟಿ ಇರಬೇಕು. ಹೊರ ಚರ್ಮಕ್ಕೆ ಕಾಣುವ ಹೊಲಿಗೆ ಹಾಕುವ ಅಭ್ಯಾಸ ಬಿಡಿ. ಚರ್ಮದ ಒಳಗೇ ಕರಗುವ ದಾರದಲ್ಲಿ ಹೊಲಿಯಿರಿ. ಹತ್ತು ದಿನ ಬಿಟ್ಟು ದಾರ ಬಿಚ್ಚಲು ನೀವು ಅಲ್ಲಿ ಇರುವುದಿಲ್ಲ ಅಲ್ವಾ?

ಕುದುರೆಗೆ ಮಾಥೇರಾನ್. ಊರಿನೊಳಗೆ ಕಾರು, ಬೈಕು ಬಿಡದ ಗುಡ್ಡ, ಸವಾರಿಗೂ ಸಾಮಾನಿಗೂ ಕುದುರೆ ಬಳಸುತ್ತಾರೆ. ಜೀನಿನ ಪಟ್ಟಿ ಉಜ್ಜಿ ಆದ ಗಾಯ, ಸವೆದ ಲಾಳ, ಹೊಟ್ಟೆನೋವು ಎಲ್ಲ ಅಲ್ಲಿ ಸಿಗುತ್ತವೆ. ಅಲ್ಲಿ ಕೆಲಸ ಮಾಡುವ ಹಿರಿಯರ ಜೊತೆ ಕೆಲವು ದಿನ ಇರಿ. ರೇಸಿನ ಕುದುರೆಯ ಅನುಭವಕ್ಕಿಂತ ಈ ದುಡಿಯುವ ಕುದುರೆಯ ಅನುಭವವೇ ಶಿಬಿರಕ್ಕೆ ಹತ್ತಿರ. ದೊಡ್ಡ ಎಚ್ಚರಿಕೆ ಒಂದು: ಕುದುರೆಗೆ ಕೊಡುವ ಜೈಲಜೀನ್ (ಮಂಪರು ಬರಿಸುವ ಔಷಧಿ) ಲೆಕ್ಕವನ್ನು ದನಕ್ಕೆ ಹಾಕಬೇಡಿ. ದನಕ್ಕೆ ಅದರ ಹತ್ತರಲ್ಲಿ ಒಂದು ಪಾಲು ಸಾಕು. ಒಂದೇ ದಿನ ಎರಡೂ ಪ್ರಾಣಿ ಸಾಲಿನಲ್ಲಿ ನಿಂತಿರುವ ಕಡೆ ಈ ತಪ್ಪು ಜೀವ ತೆಗೆಯುತ್ತದೆ. ಸಿರಿಂಜಿನ ಮೇಲೆ ಪ್ರಾಣಿಯ ಹೆಸರು ಬರೆದಿಡುವ ರೂಢಿ ಈಗಲೇ ಮಾಡಿಕೊಳ್ಳಿ.

ಹಂದಿಗೆ ಮತ್ತೆ ಗೋವಾದ ಹಳ್ಳಿಗಳೇ. ಮೇಲ್ದವಡೆಗೆ ಕುಣಿಕೆ ಹಾಕಿ ನಿಲ್ಲಿಸುವುದು, ಹಲಗೆ ಹಿಡಿದು ಮೂಲೆಗೆ ಒತ್ತುವುದು, ಕಿವಿಯ ಹಿಂದೆ ಚುಚ್ಚುವುದು. ಹಂದಿ ಕಿರುಚಿದರೆ ಕಿವಿಗೆ ಹತ್ತಿ ಇಲ್ಲದೆ ನಿಲ್ಲಲಾಗುವುದಿಲ್ಲ. ಎಮ್ಮೆ, ದನದ ಕೈ ಬಿಟ್ಟುಹೋಗಿದ್ದರೆ ಮುಂಬೈಯ ಆರೇ ಕಾಲೊನಿಯ ತಬೇಲಾಗಳಿವೆ (ಎಮ್ಮೆ ಕೊಟ್ಟಿಗೆಗಳು). ಅಲ್ಲಿ ಬೆಳಗಿನ ಜಾವ ಹಾಲು ಕರೆಯುವ ಹೊತ್ತಿಗೆ ಹೋದರೆ ಯಾರಿಗೂ ನಿಮ್ಮ ಜೊತೆ ಮಾತಾಡಲು ಪುರುಸೊತ್ತಿರುವುದಿಲ್ಲ, ಕರೆದು ಮುಗಿದ ಮೇಲೆ ಹೋಗಿ.

ಬ್ರೂಸೆಲ್ಲಾ (ದನಗಳ ಗಬ್ಬ ಹೋಗಿಸುವ, ಮನುಷ್ಯರಿಗೂ ತಗಲುವ ರೋಗ) ಲಸಿಕೆ ಹಾಕುವ ಕೆಲಸ ಬಂದರೆ ಕನ್ನಡಕ, ಗ್ಲೌಸ್ ಇಲ್ಲದೆ ಮುಟ್ಟಬೇಡಿ. ಅದು ಜೀವಂತ ರೋಗಾಣುವಿನ ಲಸಿಕೆ. ಸೂಜಿ ನಿಮ್ಮ ಬೆರಳಿಗೆ ತಗುಲಿದರೆ ರೋಗ ನಿಮಗೇ ಬರಬಹುದು.

5. ಔಷಧಿ ಮತ್ತು ಲಸಿಕೆಯ ತಂಪು

ನಿಮ್ಮ ಸ್ವಂತ ಔಷಧಿ ಚೀಲ ತರುವ ಆಸೆ ಬಿಡಿ. ಮುಖ್ಯವಾಗಿ ಕೆಟಮಿನ್. ಅದು ನಮ್ಮಲ್ಲಿ ಶೆಡ್ಯೂಲ್ ಎಕ್ಸ್ ಔಷಧಿ, ಮಾದಕ ವಸ್ತು ಕಾಯ್ದೆಯ ಅಡಿಯಲ್ಲೂ ಬರುತ್ತದೆ. ಒಂದು ಬಾಟಲಿ ಚೀಲದಲ್ಲಿ ಸಿಕ್ಕರೂ ವಿಮಾನ ನಿಲ್ದಾಣದಲ್ಲೇ ನಿಮ್ಮ ಪ್ರಯಾಣ ಮುಗಿಯುತ್ತದೆ, ಮೇಲೆ ಕೇಸು. ಅರಿವಳಿಕೆ ಔಷಧಿಗಳೆಲ್ಲ ತಂಡದ ಲೆಕ್ಕದಲ್ಲಿ, ಬೀಗದ ಪೆಟ್ಟಿಗೆಯಲ್ಲಿ ಬರುತ್ತವೆ. ಪ್ರತಿ ಎಂಎಲ್‌ಗೂ ಸಹಿ ಇರುತ್ತದೆ. ಬಾಟಲಿಯಲ್ಲಿ ಉಳಿದದ್ದನ್ನು ಚೆಲ್ಲಿದರೂ ಸಾಕ್ಷಿ ಸಹಿ ಬೇಕು.

ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಇರಬೇಕು ಅನ್ನುವುದು ಎಲ್ಲರಿಗೂ ಗೊತ್ತು. ಎಲ್ಲರೂ ಬಿಸಿಗೆ ಹೆದರುತ್ತಾರೆ. ಆದರೆ ಹೆಪ್ಪುಗಟ್ಟಿದರೂ ಲಸಿಕೆ ಹಾಳು. ಹಡಗಿನ ಫ್ರೀಜರಿನಿಂದ ತೆಗೆದ ಐಸ್ ಪ್ಯಾಕ್ ಕಲ್ಲಿನ ಹಾಗಿರುತ್ತದೆ, ಅದನ್ನು ಹಾಗೇ ವ್ಯಾಕ್ಸಿನ್ ಕ್ಯಾರಿಯರ್ ಒಳಗೆ ಇಟ್ಟರೆ ಪಕ್ಕದ ಬಾಟಲಿಗಳು ಹೆಪ್ಪುಗಟ್ಟುತ್ತವೆ. ಪ್ಯಾಕನ್ನು ಹೊರಗೆ ಇಡಿ. ಮೇಲೆ ಬೆವರು ಬರಲಿ. ಕಿವಿ ಹತ್ತಿರ ಅಲ್ಲಾಡಿಸಿದರೆ ಒಳಗೆ ನೀರು ಕುಲುಕುವ ಸದ್ದು ಕೇಳಬೇಕು. ಆಮೇಲೆ ಒಳಗಿಡಿ. ಕ್ಯಾರಿಯರ್ ದೋಣಿಯಲ್ಲಿ ಬಿಸಿಲಿಗೆ ಬೀಳದಂತೆ ಒಬ್ಬರು ಅದನ್ನೇ ನೋಡಿಕೊಳ್ಳುತ್ತಿರಲಿ. "ಎಲ್ಲರೂ ನೋಡಿಕೊಳ್ಳೋಣ" ಅಂದರೆ ಯಾರೂ ನೋಡಿಕೊಳ್ಳುವುದಿಲ್ಲ.

6. ನೀವೇ ರೋಗ ಒಯ್ಯಬಹುದು

ಈ ಹಂತವನ್ನು ದಯವಿಟ್ಟು ಹಾರಿಸಬೇಡಿ. ಭಾರತದಲ್ಲಿ ಕಾಲುಬಾಯಿ ಜ್ವರ ಇದೆ. 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಲಸಿಕೆ ಹಾಕುತ್ತಿದ್ದಾರೆ, ಆದರೂ ಇದೆ. ಶಾಂತ ಸಾಗರದ ದ್ವೀಪಗಳಲ್ಲಿ ಅದು ಇಲ್ಲ. ಬಂದರೆ ಏನಾಗುತ್ತದೆ ಅನ್ನುವುದಕ್ಕೆ ಇಂಡೋನೇಷ್ಯಾ ನೋಡಿ. ದಶಕಗಳ ಕಾಲ ಮುಕ್ತವಾಗಿದ್ದ ದೇಶಕ್ಕೆ 2022ರಲ್ಲಿ ಮತ್ತೆ ಬಂತು, ಹಬ್ಬಿತು. ತಬೇಲಾದ ಸಗಣಿ ಅಂಟಿದ ಗಂಬೂಟು ಹಾಕಿಕೊಂಡು ಹೋಗುವ ಭಾರತದ ಪಶುವೈದ್ಯರಿಗೆ ದೊಡ್ಡ ಜವಾಬ್ದಾರಿ ಇದೆ.

ಹಾಗಾಗಿ ಹೊಸ ಗಂಬೂಟು, ಹೊಸ ಓವರಾಲ್ ಕೊಳ್ಳಿ. ಸ್ಟೆತಸ್ಕೋಪಿನ ಕೊಳವೆಯನ್ನೂ ತೊಳೆದು ಒರೆಸಿ. ಹೊರಡುವ ಮುಂಚಿನ ಒಂದು ವಾರ ದನ, ಎಮ್ಮೆ, ಹಂದಿ, ಕುರಿ, ಮೇಕೆ ಇರುವ ಕಡೆ ಹೋಗಬೇಡಿ. ಅಂದರೆ ಮೇಲೆ ಹೇಳಿದ ಆರೇ, ಗೋವಾ ಅಭ್ಯಾಸವನ್ನು ಅದಕ್ಕೂ ಮುಂಚೆಯೇ ಮುಗಿಸಬೇಕು. ಇಳಿಯುವ ದೇಶದಲ್ಲಿ ಫಾರಂ ಕೊಟ್ಟಾಗ ಪ್ರಾಣಿಗಳ ಜೊತೆ ಇದ್ದೆ ಅಂತ ನಿಜವನ್ನೇ ಬರೆಯಿರಿ.

ದ್ವೀಪದಿಂದ ದ್ವೀಪಕ್ಕೆ ಹೋಗುವಾಗಲೂ ಇದೇ ಕಥೆ. ಆಫ್ರಿಕನ್ ಹಂದಿ ಜ್ವರ 2019ರಲ್ಲಿ ಟಿಮೋರ್ ಲೆಸ್ತೆಗೆ, 2020ರಲ್ಲಿ ಪಪುವಾ ನ್ಯೂಗಿನಿಗೆ ಬಂತು. ಅದಕ್ಕೆ ಔಷಧಿ ಇಲ್ಲ. ಹಡಗಿನ ಅಡುಗೆಮನೆಯ ಹಂದಿ ಮಾಂಸದ ಸ್ಯಾಂಡ್‌ವಿಚ್ಚನ್ನು ಬುತ್ತಿ ಕಟ್ಟಿಕೊಂಡು ದಡಕ್ಕೆ ಒಯ್ಯುವುದು ಕೂಡ ತಪ್ಪು. ನೀವು ತಿಂದು ಉಳಿದದ್ದು ಹಳ್ಳಿಯ ಹಂದಿಯ ಬಾಯಿಗೇ ಹೋಗುವುದು. ಊರಿಂದ ತಂದ ತುಪ್ಪ, ಜೇನುತುಪ್ಪವನ್ನೂ ಮನೆಯಲ್ಲೇ ಬಿಡಿ. ಹಾಲಿನ ಪದಾರ್ಥ ಸಿಕ್ಕರೆ ಎಷ್ಟೋ ದೇಶಗಳಲ್ಲಿ ದಂಡ ಹಾಕುತ್ತಾರೆ.

ಮಧ್ಯ ಅಮೆರಿಕಕ್ಕೆ ಹೋಗುವವರು ಸ್ಕ್ರೂವರ್ಮ್ ಬಗ್ಗೆ ಓದಿಕೊಂಡಿರಿ. ಇದು ಸತ್ತ ಮಾಂಸವನ್ನಲ್ಲ, ಜೀವಂತ ಮಾಂಸವನ್ನೇ ತಿನ್ನುವ ನೊಣದ ಹುಳ. 2023ರಿಂದ ಪನಾಮಾದಿಂದ ಉತ್ತರಕ್ಕೆ ಹಬ್ಬಿ ಮೆಕ್ಸಿಕೊ ಮುಟ್ಟಿದೆ. ನಮ್ಮ ಮಾಮೂಲಿ ಹುಳ ಬಿದ್ದ ಗಾಯ ಅಂತ ಅಸಡ್ಡೆ ಮಾಡಬೇಡಿ. ಹುಳವನ್ನು ಸ್ಪಿರಿಟ್ಟಿನಲ್ಲಿ ಹಾಕಿ ಸ್ಥಳೀಯ ಅಧಿಕಾರಿಗೆ ಕೊಡಿ. ತೆಗೆದ ಹುಳವನ್ನು ನೆಲಕ್ಕೆ ಎಸೆಯಬೇಡಿ, ಮಣ್ಣಿನಲ್ಲೇ ಅದು ನೊಣವಾಗುತ್ತದೆ.

7. ಚೀಲ

ಮೆತ್ತನೆ ಚೀಲ ತನ್ನಿ, ಗಾಲಿ ಸೂಟ್‌ಕೇಸ್ ಬೇಡ. ಇಡಲು ಜಾಗ ಇರುವುದಿಲ್ಲ. ಬೆರಳು ಮುಚ್ಚುವ, ಜಾರದ ಶೂ. ಚಪ್ಪಲಿ ಸ್ನಾನಕ್ಕೆ ಮಾತ್ರ. ತಲೆಗೆ ಕಟ್ಟುವ ಟಾರ್ಚ್, ಹಗ್ಗ, ನೀರಿಗೆ ನೆನೆಯದ ನೋಟ್‌ಬುಕ್ಕು, ಪೆನ್ಸಿಲ್ಲು. ಪ್ರಾಣಿಯ ಎದೆಯ ಸುತ್ತಳತೆ ನೋಡಿ ತೂಕ ಅಂದಾಜು ಮಾಡುವ ಟೇಪು. ನಿಮ್ಮ ಕೈ ಅಳತೆಯ ಗ್ಲೌಸ್, ಏಕೆಂದರೆ ಹಡಗಿನಲ್ಲಿ ಸಿಗುವುದು ದೊಡ್ಡ ಕೈಯವರ ಅಳತೆಯದ್ದೇ ಜಾಸ್ತಿ.

8. ಹಡಗಿನ ಮೇಲಿನ ಬದುಕು

ಸಮುದ್ರ ನಿಮಗೆ ಒಗ್ಗುತ್ತದಾ ಅಂತ ಇಲ್ಲೇ ಪರೀಕ್ಷೆ ಮಾಡಿ. ಮುಂಬೈಯವರಿಗೆ ಸುಲಭ: ಭಾವುಚಾ ಧಕ್ಕಾದಿಂದ ಮಾಂಡ್ವಾಕ್ಕೆ ರೋ-ರೋ ಹಡಗು ಹೋಗುತ್ತದೆ, ಸುಮಾರು ಒಂದು ಗಂಟೆ. ಗಾಳಿ ಇರುವ ದಿನ ನೋಡಿಕೊಂಡು ಹೋಗಿ. ಪಣಜಿಯ ನದಿ ದೋಣಿ ಈ ಪರೀಕ್ಷೆಗೆ ಆಗುವುದಿಲ್ಲ, ಅದು ಅಲ್ಲಾಡುವುದೇ ಇಲ್ಲ. ವಾಂತಿಗೆ ಅವೊಮಿನ್ ಥರದ ಮಾತ್ರೆಯನ್ನು ವಾಂತಿ ಶುರುವಾದ ಮೇಲೆ ನುಂಗಿದರೆ ಪ್ರಯೋಜನವಿಲ್ಲ, ಮುಂಚೆಯೇ ತೆಗೆದುಕೊಳ್ಳಬೇಕು. ನಿದ್ದೆ ಬರಿಸುತ್ತದೆ. ಮೊದಲ ಸಲ ಮನೆಯಲ್ಲಿ ತೆಗೆದುಕೊಂಡು ನೋಡಿ. ಅದರ ಮಂಪರಿನಲ್ಲಿ ಆಪರೇಷನ್ ಟೇಬಲ್ ಹತ್ತಿರ ಹೋಗಬೇಡಿ.

ಮಲಗುವುದು ಮೂರು ಹಂತದ ಬಂಕಿನಲ್ಲಿ, ಉದ್ಯಾನ್ ಎಕ್ಸ್‌ಪ್ರೆಸ್ಸಿನ ಸ್ಲೀಪರ್ ಬೋಗಿಯ ಹಾಗೆ, ಕಿಟಕಿ ಮಾತ್ರ ಇಲ್ಲ. ಸ್ನಾನಕ್ಕೆ ನಿಯಮ ಇದೆ: ಮೈ ಒದ್ದೆ ಮಾಡಿ, ನಲ್ಲಿ ನಿಲ್ಲಿಸಿ, ಸೋಪು ಹಚ್ಚಿ, ಮತ್ತೆ ನಲ್ಲಿ ಬಿಟ್ಟು ತೊಳೆಯಿರಿ. ಹಂದಿ ವಾಸನೆ ಮೈಗೆ ಅಂಟಿರುವ ದಿನ ಇದು ಕಷ್ಟವೇ.

'ಮಸ್ಟರ್' ಅಂದರೆ ತಲೆ ಎಣಿಕೆ. ಕರೆದಾಗ ನಿಮ್ಮ ಜಾಗದಲ್ಲಿ ಇರಲೇಬೇಕು. ಒಬ್ಬರು ತಪ್ಪಿದರೂ ನೀರಿಗೆ ಬಿದ್ದರೇನೋ ಅಂತ ಇಡೀ ಹಡಗು ಹುಡುಕುತ್ತದೆ. ಲ್ಯಾಡರ್ ಅಂದರೆ ಕಡಿದಾದ ಕಬ್ಬಿಣದ ಮೆಟ್ಟಿಲು, ಒಂದು ಕೈ ಯಾವಾಗಲೂ ಕಂಬಿಯ ಮೇಲಿರಲಿ. ಹಡಗು ಈಗ ಎಲ್ಲಿದೆ, ನಾಳೆ ಎಲ್ಲಿಗೆ ಹೋಗುತ್ತದೆ ಅಂತ ಮನೆಯ ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ. ಫೋಟೋ ತೆಗೆಯುವ ಮುಂಚೆ ಕೇಳಿ. ಇದು ಪ್ರವಾಸಿ ಹಡಗಲ್ಲ.

ದೊಡ್ಡ ಹಡಗು ಆಳವಿಲ್ಲದ ಬಂದರಿಗೆ ಹೋಗುವುದಿಲ್ಲ, ದೂರ ಲಂಗರು ಹಾಕುತ್ತದೆ. ದಡಕ್ಕೆ ಹೋಗುವುದು ಸಣ್ಣ ದೋಣಿಯಲ್ಲಿ ಅಥವಾ ಹೆಲಿಕಾಪ್ಟರಿನಲ್ಲಿ. ದೋಣಿಗೆ ದಾಟುವುದೇ ಅಪಾಯದ ಕ್ಷಣ. ಅಲೆ ದೋಣಿಯನ್ನು ಎತ್ತುತ್ತದೆ, ಇಳಿಸುತ್ತದೆ. ಪೂರ್ತಿ ಮೇಲೆ ಬಂದು ಒಂದು ಗಳಿಗೆ ನಿಂತಾಗ ನಾವಿಕ "ಈಗ" ಅನ್ನುತ್ತಾನೆ. ಆಗ ಹೆಜ್ಜೆ ಇಡಿ, ಹಾರಬೇಡಿ. ಕೈಯಲ್ಲಿ ಏನೂ ಇರಬಾರದು, ಚೀಲ ಬೇರೆಯಾಗಿ ಬರುತ್ತದೆ. ಅವನು ಹೇಳದೆ ಕಾಲು ಎತ್ತಬೇಡಿ, ನೀವು ಎಷ್ಟೇ ಹಿರಿಯ ಡಾಕ್ಟರಾಗಿದ್ದರೂ ಸರಿ.

9. ದಡದ ಮೇಲೆ

ಮೊದಲ ಕೆಲಸ, ಆ ಊರಿನ ಪಶು ಅಧಿಕಾರಿಯನ್ನು ಕಂಡು ಮಾತಾಡುವುದು. ಯಾವ ರೋಗ ಇದೆ, ಯಾವ ಔಷಧಿ ಅವರಿಗೆ ಸಿಗುತ್ತದೆ, ಯಾವುದು ಸಿಗುವುದಿಲ್ಲ ಅಂತ ಕೇಳಿ. ಅವರಿಗೆ ಸಿಗದ ಔಷಧಿಯಿಂದ ಚಿಕಿತ್ಸೆ ಶುರುಮಾಡಿದರೆ ಮುಂದುವರಿಸುವುದು ಯಾರು?

ಒಂದು ಉದಾಹರಣೆ ಸಾಕು. ಬೀದಿ ನಾಯಿಗಳಲ್ಲಿ ಕೂಡುವಿಕೆಯಿಂದ ಹರಡುವ ಗಡ್ಡೆ ಇರುತ್ತದಲ್ಲ, ಟಿವಿಟಿ. ಅದಕ್ಕೆ ವಿನ್‌ಕ್ರಿಸ್ಟಿನ್ ವಾರಕ್ಕೊಮ್ಮೆ, ಹಲವು ವಾರ ಕೊಡಬೇಕು. ಹಡಗು ಒಂದೇ ವಾರ ಇದ್ದರೆ ಮೊದಲ ಡೋಸು ಕೊಟ್ಟು ಹೋಗುವುದರಿಂದ ನಾಯಿಗೂ ಒಳ್ಳೆಯದಿಲ್ಲ, ಮಾಲೀಕನಿಗೆ ಸುಳ್ಳು ಭರವಸೆ. ಉಳಿದ ಡೋಸುಗಳನ್ನು ಸ್ಥಳೀಯರು ಕೊಡುವುದು ಖಾತ್ರಿಯಾದರೆ ಮಾತ್ರ ಶುರುಮಾಡಿ. ಇಲ್ಲದಿದ್ದರೆ ಲಸಿಕೆ, ಜಂತು ಔಷಧಿ, ಸಂತಾನಹರಣ ಆಪರೇಷನ್ನು: ಒಂದೇ ಸಲಕ್ಕೆ ಮುಗಿಯುವ ಕೆಲಸ ಮಾಡಿ.

ಜಂತು ಔಷಧಿಯಲ್ಲೂ ಜೋಕೆ. ಐವರ್‌ಮೆಕ್ಟಿನ್ ಕೊಟ್ಟ ಹಂದಿಯನ್ನು ಇಷ್ಟು ದಿನ ಕಡಿಯಬಾರದು ಅಂತ ಬಾಟಲಿ ಮೇಲೆ ಇರುತ್ತದೆ. ಮುಂದಿನ ಭಾನುವಾರ ಆ ಮನೆಯಲ್ಲಿ ಮದುವೆ ಊಟ ಇದೆಯಾ ಅಂತ ಕೇಳಿ ಚುಚ್ಚಿ. ಗಬ್ಬದ ಮೊದಲ ತಿಂಗಳಿನ ಕುರಿಗೆ, ಮೊದಲ 45 ದಿನದ ದನಕ್ಕೆ ಆಲ್ಬೆಂಡಜೋಲ್ ಬೇಡ. ಮೇಕೆಗೆ ಔಷಧಿ ಕುಡಿಸುವಾಗ ತಲೆ ಮೇಲಕ್ಕೆ ಎತ್ತಿ ಹಿಡಿದರೆ ಔಷಧಿ ಶ್ವಾಸಕೋಶಕ್ಕೆ ಹೋಗುತ್ತದೆ. ಸಾಲು ಉದ್ದ ಇದ್ದಾಗ ಅವಸರಕ್ಕೆ ಎಲ್ಲರೂ ಮಾಡುವ ತಪ್ಪು ಇದು.

ಕೇಳದೆ ಬೀಜ ಒಡೆಯುವ, ಹಲ್ಲು ಕತ್ತರಿಸುವ ಕೆಲಸವಂತೂ ಬೇಡವೇ ಬೇಡ. ವನವಾಟು ದೇಶದ ಧ್ವಜ ನೋಡಿ, ಅದರಲ್ಲಿ ಬಾಗಿದ ಹಂದಿ ಕೋರೆಹಲ್ಲಿದೆ. ಅಲ್ಲಿ ಕೆಲವು ಕಡೆ ಗಂಡು ಹಂದಿಯ ಮೇಲಿನ ಕೋರೆ ಕಿತ್ತು, ಕೆಳಗಿನದು ಬಳೆಯ ಹಾಗೆ ಸುತ್ತುವವರೆಗೆ ವರ್ಷಗಟ್ಟಲೆ ಸಾಕುತ್ತಾರೆ. ಅದು ಮನೆತನದ ಗೌರವ. ಬಾಯಿ ನೋಡಿ "ಹಲ್ಲು ಕೆಟ್ಟಿದೆ, ಕತ್ತರಿಸೋಣ" ಅನ್ನುವ ಡಾಕ್ಟರನ್ನು ಆ ಊರು ಮತ್ತೆ ಒಳಗೆ ಬಿಡುವುದಿಲ್ಲ.

ಸಂಜೆ ದೋಣಿ ಹೊರಡುವ ಸಮಯ ಗಡಿಯಾರದ ಲೆಕ್ಕ. ಕೊನೆಯ ನಾಯಿಗೆ ಅರಿವಳಿಕೆ ಕೊಡುವುದು ಎಷ್ಟು ಗಂಟೆಗೆ ನಿಲ್ಲಿಸಬೇಕು ಅಂತ ಬೆಳಿಗ್ಗೆಯೇ ತೀರ್ಮಾನ ಮಾಡಿ. ಎಲ್ಲ ನಾಯಿಗಳೂ ಎದ್ದು ತಾವೇ ನಡೆಯುವಂತಾಗಬೇಕು. ಸಾಲಿನಲ್ಲಿ ಇನ್ನೂ ಜನ ಇರುತ್ತಾರೆ, ಬೇಡಿಕೊಳ್ಳುತ್ತಾರೆ. ಇಲ್ಲ ಅನ್ನಬೇಕು.

10. ವಾಪಸ್ ಬಂದಮೇಲೆ

ಗಂಬೂಟು, ಓವರಾಲ್ ಅಲ್ಲೇ ಬಿಟ್ಟು ಬರುವುದು ಉತ್ತಮ. ತಂದರೆ ತೊಳೆದು, ಸೋಂಕುನಿವಾರಕದಲ್ಲಿ ಅದ್ದಿ, ಒಣಗಿಸಿ ತನ್ನಿ. ಬಂದ ಮಾರನೇ ದಿನವೇ ತಬೇಲಾಕ್ಕೆ ಹೋಗಬೇಡಿ. ಹೋಗುವಾಗ ಇಟ್ಟ ಒಂದು ವಾರದ ಅಂತರ ಬರುವಾಗಲೂ ಇರಲಿ.

ಮಲೇರಿಯಾ ಮಾತ್ರೆಯನ್ನು ಮನೆಗೆ ಬಂದ ಖುಷಿಯಲ್ಲಿ ನಿಲ್ಲಿಸಬೇಡಿ. ಡಾಕ್ಸಿಸೈಕ್ಲಿನ್ ಆದರೆ ವಾಪಸ್ ಬಂದಮೇಲೂ 4 ವಾರ ಮುಂದುವರಿಸಬೇಕು. ಮುಂದಿನ ತಿಂಗಳುಗಳಲ್ಲಿ ಜ್ವರ ಬಂದರೆ ನಿಮ್ಮ ಫ್ಯಾಮಿಲಿ ಡಾಕ್ಟರು "ಮುಂಬೈ ಮಳೆಗಾಲ ಅಲ್ವಾ, ವೈರಲ್ ಇರಬೇಕು" ಅಂದುಬಿಡಬಹುದು. ನೀವೇ ಬಾಯಿಬಿಟ್ಟು ಹೇಳಿ. ಯಾವ ದೇಶಕ್ಕೆ ಹೋಗಿದ್ದಿರಿ, ಯಾವ ಪ್ರಾಣಿ ಮುಟ್ಟಿದಿರಿ, ಸೂಜಿ ಚುಚ್ಚಿತ್ತಾ, ಹಸಿ ಹಾಲು ಕುಡಿದಿರಾ ಅಂತ ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಳ್ಳಿ. ಬ್ರೂಸೆಲ್ಲಾ ಜ್ವರ ವಾರಗಟ್ಟಲೆ ಬಂದು ಬಂದು ಹೋಗುತ್ತದೆ, ಕೇಳದಿದ್ದರೆ ಯಾರೂ ಅದರ ಪರೀಕ್ಷೆ ಬರೆಯುವುದಿಲ್ಲ.